ಅಟ್ಟದಿಂದ ಇಳಿದ ಚರಕ

2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಧ್ವಜ ಸಂಹಿತೆಯ ಒಂದು ವಾಕ್ಯವನ್ನು ತಿದ್ದಿತು. ಅಲ್ಲಿಯವರೆಗೆ ರಾಷ್ಟ್ರಧ್ವಜ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಖಾದಿಯದೇ ಆಗಿರಬೇಕಿತ್ತು. ಹತ್ತಿಯಾಗಲಿ, ಉಣ್ಣೆಯಾಗಲಿ, ರೇಷ್ಮೆಯಾಗಲಿ, ಕೈಯ ಕೆಲಸವಾಗಿರಬೇಕು ಎಂಬುದೊಂದೇ ಷರತ್ತು. ತಿದ್ದುಪಡಿಯ ನಂತರ ಯಂತ್ರದಲ್ಲಿ ತಯಾರಾದ ಬಟ್ಟೆಯೂ ನಡೆಯುತ್ತದೆ, ಪಾಲಿಯೆಸ್ಟರೂ ನಡೆಯುತ್ತದೆ. ಮರುವರ್ಷ ಆಗಸ್ಟ್ 13ರಿಂದ 15ರವರೆಗೆ ‘ಹರ್ ಘರ್ ತಿರಂಗಾ’ ಬಂತು. ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತಿನ ಪಕ್ಕದಲ್ಲೇ ಬಾವುಟ ಸಿಗತೊಡಗಿತು.

ಇದರಲ್ಲೇನು ತಪ್ಪು ಎಂದು ಕೇಳುವವರಿದ್ದಾರೆ. ಬಣ್ಣ ಅದೇ, ಚಕ್ರ ಅದೇ, ಇಪ್ಪತ್ನಾಲ್ಕು ಕಡ್ಡಿಗಳೂ ಅವೇ. ಹಾರಿಸುವವನ ಎದೆಯೊಳಗಿನ ಭಾವನೆಯೂ ಅದೇ. ನೂಲು ಯಾರು ತೆಗೆದರೇನು? ಖಾದಿಯ ಬಾವುಟಕ್ಕೆ ಕೊಡುವಷ್ಟು ದುಡ್ಡಿಲ್ಲದ ಕೂಲಿಕಾರನ ಮನೆಯ ಮೇಲೂ ಈಗ ಧ್ವಜ ಹಾರುತ್ತದಲ್ಲ! ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಡವನಿಗೆ ದುಬಾರಿಯಾದದ್ದನ್ನು ಪವಿತ್ರ ಎಂದು ಕರೆದು ಸುಮ್ಮನಾಗುವುದು ಉಳ್ಳವರ ಹಳೆಯ ಚಾಳಿ. ಆದ್ದರಿಂದ ಪ್ರಶ್ನೆಯನ್ನು ಸರಿಯಾಗಿಯೇ ಎದುರಿಸಬೇಕು. ನೋಡಲು ಒಂದೇ ತರಹ, ಬಳಸಲು ಒಂದೇ ತರಹ ಇರುವ ಎರಡು ಬಟ್ಟೆಗಳಲ್ಲಿ ಒಂದು ಕೈಯಿಂದ ಬಂತು, ಇನ್ನೊಂದು ಯಂತ್ರದಿಂದ ಬಂತು ಎಂದರೆ ನೀತಿಯ ದೃಷ್ಟಿಯಿಂದ ಏನಾದರೂ ವ್ಯತ್ಯಾಸವಿದೆಯೇ?

ಹುಬ್ಬಳ್ಳಿ ಮತ್ತು ಧ್ವಜ ಎಂದೊಡನೆ 1994ರ ಈದ್ಗಾ ಮೈದಾನವನ್ನು ನೆನೆಯುವವರೇ ಹೆಚ್ಚು. ಅದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. 1957ರಲ್ಲಿ ಆರಂಭವಾದದ್ದು. ಮಾನಕ ಬ್ಯೂರೋದ ಪರವಾನಗಿ ಪಡೆದು ರಾಷ್ಟ್ರಧ್ವಜ ತಯಾರಿಸುವ ಸಂಸ್ಥೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಇದು ಮುಖ್ಯವಾದದ್ದು. ಧಾರವಾಡದ ಹತ್ತಿರದ ಗರಗ, ಬಾಗಲಕೋಟೆ ಕಡೆಯ ತುಳಸಿಗೇರಿ, ಇವೂ ಧ್ವಜದ ಬಟ್ಟೆಗೆ ಹೆಸರಾದ ಊರುಗಳು. ಬೆಂಗೇರಿಯಲ್ಲಿ ಬಟ್ಟೆಗೆ ಬಣ್ಣ ಕಟ್ಟುತ್ತಾರೆ, ಅಳತೆಗೆ ಕತ್ತರಿಸುತ್ತಾರೆ, ಚಕ್ರವನ್ನು ಎರಡೂ ಬದಿ ಒಂದರ ಬೆನ್ನಿಗೆ ಒಂದು ಕೂರುವಂತೆ ಅಚ್ಚು ಹಾಕುತ್ತಾರೆ, ಹೊಲಿಯುತ್ತಾರೆ. ಧ್ವಜದ ಅಳತೆಗಳು ಒಂಬತ್ತು. ಅತಿ ದೊಡ್ಡದು ಇಪ್ಪತ್ತೊಂದು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ. ಅತಿ ಚಿಕ್ಕದು ಅಂಗೈಯಲ್ಲಿ ಹಿಡಿಯುವಷ್ಟು. ಈ ಎಲ್ಲ ಕೆಲಸದಲ್ಲಿ ಹೆಚ್ಚಿನ ಕೈಗಳು ಹೆಂಗಸರವು. 2022ರಲ್ಲಿ ಈ ಸಂಘದವರು ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಿರಿ ಎಂದು ಪ್ರತಿಭಟನೆಗೆ ಇಳಿದರು. ಧ್ವಜ ತಯಾರಿಸುವವರೇ ಧ್ವಜಕ್ಕಾಗಿ ಬೀದಿಗೆ ಬಂದರೂ ಸುದ್ದಿ ಹೆಚ್ಚು ದಿನ ಬಾಳಲಿಲ್ಲ.

ಅವರ ಪರವಾಗಿ ಮಾತನಾಡುವವರು ಸಾಮಾನ್ಯವಾಗಿ ‘ಕೈಯ ಪಾವಿತ್ರ್ಯ’ದ ಮಾತೆತ್ತುತ್ತಾರೆ. ನನಗೆ ಈ ವಾದದಲ್ಲಿ ಅಷ್ಟು ನಂಬಿಕೆ ಇಲ್ಲ. ಕಾರಣ ಹೇಳಲು ಸ್ವಲ್ಪ ಹಿಂದಕ್ಕೆ, ಗುಜರಾತಿಗೆ ಹೋಗಬೇಕು.

‘ಹಿಂದ್ ಸ್ವರಾಜ್’ನಲ್ಲಿ ಮಗ್ಗ, ಚರಕಗಳ ಬಗ್ಗೆ ಬರೆಯುವಾಗ ಅವುಗಳನ್ನು ಕಣ್ಣಿಂದ ನೋಡಿದ ನೆನಪೇ ತನಗಿರಲಿಲ್ಲ ಎಂದು ಗಾಂಧೀಜಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಚರಕವನ್ನು ಹುಡುಕಿ ಕೊಟ್ಟವರು ಗಂಗಾಬೆನ್ ಮಜಮುಂದಾರ್ ಎಂಬ ಧೈರ್ಯವಂತ ಹೆಣ್ಣುಮಗಳು. ಗುಜರಾತಿನಲ್ಲೆಲ್ಲ ಅಲೆದು ಕೊನೆಗೆ ಬರೋಡಾ ಸಂಸ್ಥಾನದ ವಿಜಾಪುರದಲ್ಲಿ (ನಮ್ಮ ವಿಜಾಪುರವಲ್ಲ) ಆಕೆಗೆ ಚರಕಗಳು ಸಿಕ್ಕವು. ಎಲ್ಲವೂ ಅಟ್ಟದ ಮೇಲೆ, ಬೇಡದ ಸಾಮಾನಿನ ಜೊತೆ ಬಿದ್ದಿದ್ದವು. ಮತ್ತೆ ನೂಲುತ್ತೀರಾ ಎಂದಾಗ ಆ ಹೆಂಗಸರು ಒಪ್ಪಿದರು, ಆದರೆ ಎರಡು ಷರತ್ತು ಇಟ್ಟರು. ನೂಲಲು ತಪ್ಪದೆ ಹಂಜಿ ಕೊಡಬೇಕು. ನೂತದ್ದನ್ನು ಯಾರಾದರೂ ಕೊಳ್ಳಬೇಕು. ಸ್ವರಾಜ್ಯದ ಮಾತು ಅವರ ಷರತ್ತಿನಲ್ಲಿ ಇರಲಿಲ್ಲ.

ಹಂಜಿ ಎಲ್ಲಿಂದ ತರುವುದು? ಗಾಂಧೀಜಿ ಮುಂಬಯಿಯ ಮಿಲ್ ಮಾಲೀಕ ಉಮರ್ ಸೋಬಾನಿಯವರ ಬಳಿ ಈ ಕಷ್ಟ ಹೇಳಿಕೊಂಡರು. ಸೋಬಾನಿ ತಡಮಾಡದೆ ತಮ್ಮ ಮಿಲ್ಲಿನಿಂದಲೇ ಹಂಜಿ ಕಳಿಸಿದರು. (ಹೋಂ ರೂಲ್ ಚಳವಳಿಯ ಕಾಲದಿಂದ ಕೈಬಿಟ್ಟು ಖರ್ಚು ಮಾಡಿದ ಈ ಮನುಷ್ಯನನ್ನು ಇಂದು ನೆನೆಯುವವರು ಕಡಿಮೆ.) ನೂಲು ರಾಶಿ ಬಿತ್ತು. ಆದರೆ ಗಾಂಧೀಜಿಗೆ ಮುಜುಗರ ಶುರುವಾಯಿತು. ಮಿಲ್ಲಿನ ಹಂಜಿ ಆಗುವುದಾದರೆ ಮಿಲ್ಲಿನ ನೂಲೇ ಯಾಕಾಗಬಾರದು? ಹಿಂದಿನವರಿಗೆ ಯಾವ ಮಿಲ್ಲು ಹಂಜಿ ಕೊಡುತ್ತಿತ್ತು? ಗಂಗಾಬೆನ್ ಒಬ್ಬ ಪಿಂಜಾರನನ್ನು ಹುಡುಕಿದರು. ಆತ ತಿಂಗಳಿಗೆ ಮೂವತ್ತೈದು ರೂಪಾಯಿ ಕೇಳಿದ. ಆ ಹೊತ್ತಿನಲ್ಲಿ ಯಾವ ಬೆಲೆಯೂ ಹೆಚ್ಚೆನಿಸಲಿಲ್ಲ ಎನ್ನುತ್ತಾರೆ ಗಾಂಧೀಜಿ. ಕೊಟ್ಟರು.

ಈ ಪಿಂಜಾರನ ಬಳಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಉತ್ತರ ಕರ್ನಾಟಕದ ಓಣಿಗಳಲ್ಲಿ ಪಿಂಜಾರರು, ನದಾಫರು ಎಂದರೆ ಹೆಗಲ ಮೇಲೆ ಉದ್ದನೆಯ ಬಿಲ್ಲು ಹೊತ್ತು, ಮರದ ಕೊಡತಿಯಿಂದ ಅದರ ಹುರಿಯನ್ನು ಮೀಟುತ್ತ ಅರಳೆ ಹಿಂಜುತ್ತಿದ್ದ ಮುಸ್ಲಿಮರು. ಮನೆಯಂಗಳದಲ್ಲಿ ‘ಟಂಯ್ ಟಂಯ್’ ಸದ್ದು ಕೇಳಿದರೆ ಹಳೆಯ ಗಾದಿ ಬಿಚ್ಚಿ ಹಾಕುವ ದಿನ ಬಂತೆಂದು ಮಕ್ಕಳಿಗೆ ಹಬ್ಬ. ಹಾರಿದ ಅರಳೆ ರೆಪ್ಪೆ, ಮೀಸೆ, ಟೋಪಿಯ ಮೇಲೆಲ್ಲ ಕೂತು ಮನುಷ್ಯ ಸಂಜೆಗೆ ಮುದುಕನಾಗಿಬಿಡುತ್ತಿದ್ದ. ನೂಲುವವಳ ಹೆಸರಿನಲ್ಲಿ, ನೇಯುವವನ ಹೆಸರಿನಲ್ಲಿ ಭಾಷಣಗಳಾಗಿವೆ. ಹಿಂಜುವವನ ಹೆಸರಿನಲ್ಲಿ ಆದದ್ದನ್ನು ನಾನು ಕೇಳಿಲ್ಲ.

ಇಂದಿನ ಖಾದಿಯಲ್ಲಿ ಆತನಿಗೆ ಜಾಗವಿಲ್ಲ. ಖಾದಿ ಆಯೋಗದ ಹಂಜಿ ಘಟಕ ಚಿತ್ರದುರ್ಗದಲ್ಲಿದೆ. ಅಲ್ಲಿ ಹತ್ತಿಯನ್ನು ಹಿಂಜಿ ಹಂಜಿ ಮಾಡುವುದು ಯಂತ್ರಗಳು. ನೂಲುವುದು ಅಂಬರ ಚರಕದ ಮೇಲೆ. ತಮಿಳುನಾಡಿನ ಏಕಾಂಬರನಾಥನ್ ರೂಪಿಸಿದ ಈ ಚರಕದಲ್ಲಿ ಒಂದೇ ಹಿಡಿ ತಿರುಗಿಸಿದರೆ ಹಲವು ಕದಿರುಗಳು ಒಟ್ಟಿಗೆ ಓಡುತ್ತವೆ. ಅಂದರೆ ಸೋಬಾನಿಯವರ ಮಿಲ್ಲಿನ ಹಂಜಿ ಬೇಡವೆಂದು ಗಾಂಧೀಜಿ ಮೂವತ್ತೈದು ರೂಪಾಯಿ ಕೊಟ್ಟು ದಾಟಿದ ಗೆರೆಯನ್ನು ಖಾದಿ ತಾನೇ ಎಂದೋ ಅಳಿಸಿಕೊಂಡಿದೆ. ಧ್ವಜ ಹೊಲಿಯುವುದೂ ಹೊಲಿಗೆ ಯಂತ್ರದಲ್ಲೇ.

ಹಾಗಾದರೆ ಖಾದಿ ಎನ್ನುವುದು ಸುಳ್ಳೇ? ಅಲ್ಲ. ಕೈ ಎಲ್ಲಿ ಮುಗಿಯುತ್ತದೆ, ಯಂತ್ರ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆ ದೇವರು ಎಳೆದದ್ದಲ್ಲ, ಮನುಷ್ಯರು ಕೂತು ಒಪ್ಪಿಕೊಂಡದ್ದು. ಹೊಲಿಗೆ ಯಂತ್ರವನ್ನು ಗಾಂಧೀಜಿಯೇ ಮೆಚ್ಚಿಕೊಂಡಿದ್ದರು. ಹಾಗಿರುವಾಗ ಕೈ ಪವಿತ್ರ, ಯಂತ್ರ ಅಪವಿತ್ರ ಎಂಬ ಮಾತನ್ನು ಹಿಡಿದು ಪಾಲಿಯೆಸ್ಟರಿನ ಎದುರು ನಿಂತರೆ, ‘ನಿಮ್ಮ ಹಂಜಿ ಎಲ್ಲಿಂದ ಬಂತು ಸ್ವಾಮಿ?’ ಎಂಬ ಒಂದೇ ಪ್ರಶ್ನೆಗೆ ಬಾಯಿ ಮುಚ್ಚಬೇಕಾಗುತ್ತದೆ.

ಪಾವಿತ್ರ್ಯದ ಮಾತಿನಲ್ಲಿ ಇನ್ನೊಂದು ಅಪಾಯವಿದೆ. ಅದು ಬಹಳ ಸಲ ಕೂಲಿಯ ಬದಲಿಗೆ ಬಂದು ಕೂರುತ್ತದೆ. ‘ತಾಯಿ, ನೀವು ಮಾಡುತ್ತಿರುವುದು ಕೆಲಸವಲ್ಲ, ದೇಶಸೇವೆ’ ಎಂದರೆ ಆಮೇಲೆ ಲಡಿಗೆ ಎಷ್ಟು ಎಂದು ಕೇಳಲು ಆ ತಾಯಿಗೇ ನಾಚಿಕೆ. ಇದನ್ನು ಎಲ್ಲರಿಗಿಂತ ಮೊದಲು ಕಂಡವರೂ ಗಾಂಧೀಜಿಯೇ. 1925ರಲ್ಲಿ ಹುಟ್ಟಿದ ಚರಕಾ ಸಂಘ ಹತ್ತು ವರ್ಷ ಖಾದಿಯನ್ನು ಅಗ್ಗ ಮಾಡಲು ಹೆಣಗಿತು. ಆ ಅಗ್ಗದ ಭಾರ ಬಿದ್ದದ್ದು ನೂಲುವವಳ ಮೇಲೆ. 1935ರಲ್ಲಿ ಅವರು ಪಟ್ಟು ಹಿಡಿದರು: ನೂಲುವವಳಿಗೆ ಬದುಕಲು ಸಾಕಾಗುವ ಕೂಲಿ ಸಿಗಲೇಬೇಕು, ಖಾದಿ ತುಟ್ಟಿಯಾದರೂ ಸರಿ. ಮಾರಾಟ ಬಿದ್ದುಹೋಗುತ್ತದೆ ಎಂದು ಸಂಘದೊಳಗೇ ಹೆದರಿದವರಿದ್ದರು. ಅವರ ಹೆದರಿಕೆಗೂ ಅರ್ಥವಿತ್ತು. ಕೊಳ್ಳುವವರಿಲ್ಲದಿದ್ದರೆ ಕೂಲಿ ಎಲ್ಲಿಯದು?

ಇಲ್ಲಿ ವಿಜಾಪುರದ ಹೆಂಗಸರ ಎರಡನೆಯ ಷರತ್ತು ಮತ್ತೆ ಎದುರಾಗುತ್ತದೆ. ನೂತದ್ದನ್ನು ಯಾರಾದರೂ ಕೊಳ್ಳಬೇಕು. ಧ್ವಜ ಕೈಯಲ್ಲಿ ನೂತ ಖಾದಿಯದೇ ಆಗಿರಬೇಕು ಎಂಬ ನಿಯಮವನ್ನು ನಾವು ಬಟ್ಟೆಯ ಗೌರವಕ್ಕಾಗಿ ಇರುವ ನಿಯಮ ಎಂದುಕೊಂಡಿದ್ದೆವು. ನನ್ನ ಮಟ್ಟಿಗೆ ಅದು ಕೊಟ್ಟ ಮಾತು. ಸಿನೆಮಾ ನಟರು ಖಾದಿ ಉಡಲಿ ಬಿಡಲಿ, ಮಂತ್ರಿಗಳು ಅಕ್ಟೋಬರ್ 2ರಂದು ಮಾತ್ರ ಭಂಡಾರಕ್ಕೆ ಹೋಗಲಿ, ಈ ಒಂದು ಬಟ್ಟೆಯನ್ನಂತೂ ನಿಮ್ಮಿಂದಲೇ ಕೊಳ್ಳುತ್ತೇವೆ ಎಂದು ದೇಶ ಗರಗದ, ತುಳಸಿಗೇರಿಯ, ಬೆಂಗೇರಿಯ ಹೆಂಗಸರಿಗೆ ಕೊಟ್ಟ ಮಾತು. ಅದನ್ನು ನಂಬಿ ಅವರು ಕಣ್ಣು, ಬೆನ್ನು ಸವೆಸಿದರು. ನಿಯಮ ತಿದ್ದುವುದು ಸರ್ಕಾರದ ಅಧಿಕಾರ. ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವಾಗ ಎದುರಿನವರನ್ನು ಕರೆದು, ಇನ್ನು ಮುಂದೆ ನಿಮಗೆ ಇಂಥ ದಾರಿ ಎಂದು ತೋರಿಸುವುದು ಮಾತ್ರ ಅಧಿಕಾರದ ವಿಷಯವಲ್ಲ, ಮುರುವತ್ತಿನ ವಿಷಯ. ಉರ್ದುವಿನ ಈ ಶಬ್ದಕ್ಕೆ ಕನ್ನಡದಲ್ಲಿ ‘ದಾಕ್ಷಿಣ್ಯ’ ಎನ್ನಬಹುದೇನೋ, ಆದರೆ ಅದು ಸಾಲದು.

ಕೂಲಿಕಾರನ ಮನೆಯ ಮೇಲೂ ಧ್ವಜ ಹಾರಲಿ. ಅದಕ್ಕೆ ಖಾದಿಯ ಚಿಕ್ಕ ಧ್ವಜವನ್ನು ಸರ್ಕಾರವೇ ಕೊಂಡು ಅಗ್ಗದಲ್ಲಿ ಹಂಚಬಹುದಿತ್ತು, ಖರ್ಚಾಗುತ್ತಿತ್ತು, ನಿಜ. ಈಗಲೂ ಖರ್ಚಾಗಿಯೇ ಇದೆ, ಆದರೆ ಅದನ್ನು ತೆತ್ತವರು ನೂಲುವವರು.

ವಿಜಾಪುರದ ಚರಕ ಕಟ್ಟಿಗೆಯದು, ಹಗುರವಾದದ್ದು. ಕೊಳ್ಳುವವರು ಇಲ್ಲದಾಗ ಆ ಹೆಂಗಸರು ಅದನ್ನು ಎತ್ತಿ ಅಟ್ಟಕ್ಕೆ ಹಾಕಿದ್ದರು. ಸಾಲುಸಾಲಾಗಿ ನಿಂತಿರುವ ಅಂಬರ ಚರಕವನ್ನು ಹಾಗೆ ಒಬ್ಬಳೇ ಎತ್ತಿ ಮನೆಗೆ ಒಯ್ಯುವಂತೆಯೂ ಇಲ್ಲ.