ಮಸೀದಿಗೆ ನಡೆಯುವ ಹೆಜ್ಜೆಗಳು



ಮದೀನಾದ ಬನೂ ಸಲಿಮಾ ಗೋತ್ರದವರ ಮನೆಗಳು ಪ್ರವಾದಿಯವರ(ಸ) ಮಸೀದಿಯಿಂದ ದೂರದಲ್ಲಿದ್ದವು. ಅವರು ಮಸೀದಿಯ ಬಳಿಗೆ ಬಂದು ನೆಲೆಸಲು ಬಯಸಿದರು. ಇದನ್ನರಿತ ಪ್ರವಾದಿ(ಸ), ಇದ್ದಲ್ಲೇ ಇರುವಂತೆ ಹೇಳಿ, ಅವರ ಹೆಜ್ಜೆಗಳು ದಾಖಲಾಗುತ್ತಿವೆಯೆಂದು ತಿಳಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ವರದಿಯಿದೆ. ಕುಬಾ ಮಸೀದಿಗೆ ಸ್ವತಃ ಅವರು ಕೆಲವೊಮ್ಮೆ ನಡೆದು, ಕೆಲವೊಮ್ಮೆ ಸವಾರಿಯಲ್ಲಿ ಹೋಗುತ್ತಿದ್ದರು. ಆದ್ದರಿಂದ ವಾಹನವೇ ತಪ್ಪೆಂದು ನಾನು ಹೇಳುತ್ತಿಲ್ಲ.

ಆದರೆ ಬೆಂಗಳೂರಿನ ನಮ್ಮ ಮೊಹಲ್ಲಾಗಳ ಶುಕ್ರವಾರವನ್ನು ನೆನೆಯಿರಿ. ಎರಡು ಗಲ್ಲಿ ಆಚೆಯ ಮನೆಯಿಂದಲೂ ಸ್ಕೂಟರ್, ಕಾರು. ಅವನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿ ನಾವು ಮೊದಲ ಸಫ್ಫಿಗೆ ಧಾವಿಸುತ್ತೇವೆ. ಹೊರಗೆ ಔಷಧಿ ಚೀಟಿ ಹಿಡಿದ ಮುದುಕಿಯೊಬ್ಬಳು ರಸ್ತೆಗಿಳಿದು ಬಸ್ಸುಗಳ ನಡುವೆ ನಡೆಯಬೇಕು. ಆಕೆ ಯಾವ ಧರ್ಮದವಳೇ ಆಗಿರಲಿ, ದಾರಿಯ ಮೇಲೆ ಆಕೆಗೆ ಹಕ್ಕಿದೆ. ದಾರಿಯಿಂದ ತೊಂದರೆಯನ್ನು ನೀಗಿಸುವುದು ಈಮಾನಿನ ಒಂದು ಶಾಖೆಯೆಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಆ ತೊಂದರೆಯನ್ನು ನಾವೇ ತಂದಿಟ್ಟರೆ?

ದೂರದವರಿಗೆ ಬಸ್ಸಿದೆ, 2011ರಿಂದ ಮೆಟ್ರೋ ಇದೆ. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಆದರೂ ಬಸ್ಸಿನಲ್ಲಿ ಬಂದರೆ ಜನ ಏನೆಂದಾರು ಎಂಬ ಅಳುಕು! (ಮದುವೆ ಮಾತುಕತೆಯಲ್ಲಿ ಕಾರು ಕೇಳುವ ರೋಗವೂ ಇದೇ ಬೇರಿನದು.) ಸೂರಃ ಫುರ್ಕಾನ್‌ನಲ್ಲಿ ಕರುಣಾಮಯನ ದಾಸರ ಗುಣಗಳ ಪೈಕಿ ಮೊದಲು ಬಂದಿರುವುದೇ ಅವರು ಭೂಮಿಯ ಮೇಲೆ ವಿನಯದಿಂದ ನಡೆಯುವ ಮಾತು.

ಮುಂದಿನ ಜುಮಾಕ್ಕೆ ಹತ್ತು ನಿಮಿಷ ಮುಂಚೆ ಮಗನ ಕೈ ಹಿಡಿದು ಹೊರಡಿ. ಮಸೀದಿಯ ಅಂಗಳದ ಜಾಗ ವೃದ್ಧರನ್ನೂ ಅಶಕ್ತರನ್ನೂ ಕರೆತರುವ ವಾಹನಗಳಿಗೆ ಉಳಿಯಲಿ.