ಕರಗುವ ತಪ್ಪು, ಕರಗದ ತಪ್ಪು

ನಾನು ದಾವಣಗೆರೆಯವಳು. ಬೆಣ್ಣೆದೋಸೆಯ ಊರಿನ ಹೆಂಗಸಿಗೆ ಹಂಚು ಕಾದಿದೆಯೋ ಇಲ್ಲವೋ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ನಾಲ್ಕು ಹನಿ ನೀರು ಚಿಮುಕಿಸಿದರೆ ಚುರ್ ಎನ್ನುವ ಸದ್ದೇ ಎಲ್ಲ ಹೇಳಿಬಿಡುತ್ತದೆ. ಈ ವಿದ್ಯೆ ಒಂದು ದಿನ ಅಮೆರಿಕದ ಕಾರ್ ಶೆಡ್ಡಿನಲ್ಲಿ, ಅದೂ ಬಂದೂಕಿನ ಗುಂಡು ಎರಕ ಹೊಯ್ಯುವ ಕೆಲಸದಲ್ಲಿ ನನ್ನ ಉಪಯೋಗಕ್ಕೆ ಬರುತ್ತದೆಂದು ಯಾರಾದರೂ ಹೇಳಿದ್ದರೆ, ಅವರಿಗೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದೆ.

2022ರಲ್ಲಿ ಮಗನ ಮನೆಗೆಂದು ಪೆನ್ಸಿಲ್ವೇನಿಯಾಕ್ಕೆ ಹೋಗಿದ್ದೆ. ಹುರಿಹಿಟ್ಟು, ಚಟ್ನಿಪುಡಿ, ರಾಗಿಹಿಟ್ಟಿನ ಜೊತೆಗೆ ಒಂದು ಕಸಬರಿಗೆಯನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದವಳು ನಾನು. ಅಲ್ಲಿನ ಗುಂಯ್‌ಗುಡುವ ಯಂತ್ರದಿಂದ ಕಸ ಹೋಗುತ್ತದೆಂದು ನನಗೆ ನಂಬಿಕೆಯಿಲ್ಲ. ಹೋದ ನಾಲ್ಕನೇ ದಿನಕ್ಕೇ ತಿಳಿಯಿತು, ಮಗನಿಗೆ ಹೊಸ ಹವ್ಯಾಸ ಹತ್ತಿದೆ ಎಂದು. ಆ ದೇಶದ ಪೌರತ್ವ ಸಿಕ್ಕ ಮೇಲೆ ಗುರಿಕಾರರ ಕ್ಲಬ್ಬು ಸೇರಿ, ಒಂದು ಪಿಸ್ತೂಲು ಕೊಂಡಿದ್ದಾನೆ. ಕೊಂಡ ಗುಂಡು ದುಬಾರಿಯೆಂದು ಪಕ್ಕದ ಮನೆಯ ಅಜ್ಜನಿಂದ ಸೀಸ ಕರಗಿಸಿ ಗುಂಡು ಎರಕ ಹೊಯ್ಯುವುದನ್ನು ಕಲಿಯುತ್ತಿದ್ದಾನೆ. ಅಲ್ಲಿ ಇದು ಕಾನೂನಿಗೆ ವಿರುದ್ಧವಲ್ಲ. ಎಷ್ಟೋ ಜನ ಬೇಟೆಗೆ, ಗುರಿಯಾಟಕ್ಕೆ ಮನೆಯಲ್ಲೇ ಎರಕ ಹೊಯ್ದುಕೊಳ್ಳುತ್ತಾರಂತೆ.

"ಇರುವೆ ಸತ್ತರೆ ಅಳುತ್ತಿದ್ದ ಹುಡುಗ ನೀನು, ಇದೇನೋ?" ಎಂದೆ.

"ಅಮ್ಮಾ, ನಾನು ಹೊಡೆಯೋದು ಕಾಗದಕ್ಕೆ. ಕಾಗದಕ್ಕೆ ಜೀವ ಇಲ್ಲ" ಎಂದ.

ಸೊಸೆ ಒಳಗಿನಿಂದ, "ಕೇಳಿ ಅತ್ತೆ, ನಾನೂ ಇದನ್ನೇ ಕೇಳಿ ಸಾಕಾಗಿದೆ" ಎಂದಳು. ನಮ್ಮಿಬ್ಬರ ಅಭಿಪ್ರಾಯ ಒಂದಾದ ಅಪರೂಪದ ಗಳಿಗೆಯದು.

ಕೋಪ ಒಂದು ಕಡೆ, ಕುತೂಹಲ ಇನ್ನೊಂದು ಕಡೆ. ಒಂದು ಶನಿವಾರ ಸ್ವೆಟರ್ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ಬಾಗಿಲು ಪೂರ್ತಿ ತೆರೆದಿತ್ತು. ಗಾಳಿಯಾಡದ ಕಡೆ ಈ ಕೆಲಸ ಮಾಡಬಾರದು. ಕಾರಿನ ಚಕ್ರದ ತೂಕ ಸರಿದೂಗಿಸಲು ಅಂಚಿಗೆ ಹಚ್ಚುವ ಸೀಸದ ತುಂಡುಗಳನ್ನು ಅಜ್ಜ ವರ್ಷಗಟ್ಟಲೆ ಕೂಡಿಟ್ಟಿದ್ದ. ಅವು ವಿದ್ಯುತ್ ಪಾತ್ರೆಯಲ್ಲಿ ಕರಗುತ್ತಿದ್ದವು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ಸಿಗೆ, ಸತು ಸುಮಾರು 420ಕ್ಕೆ. ಆದ್ದರಿಂದ ಮೊದಲು ಉರಿ ಸಣ್ಣಗಿಟ್ಟರೆ ಸೀಸದೊಳಗೆ ಬೆರೆತು ಬಂದ ಸತುವಿನ ತುಂಡುಗಳು ಕರಗದೆ ತೇಲುತ್ತವೆ, ಎತ್ತಿ ಹಾಕಬಹುದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಆಮೇಲೆ ಒಂದು ಚೂರು ಜೇನುಮೇಣ ಹಾಕಿ, ತಳ ಮುಟ್ಟುವಂತೆ ಕೆದಕಿ, ಮೇಲೆ ಬಂದ ಬೂದಿಬಣ್ಣದ ಕಿಟ್ಟವನ್ನು ಸೌಟಿನಿಂದ ತೆಗೆದು ಪಕ್ಕದ ಡಬ್ಬಿಗೆ ಹಾಕಬೇಕು. ಕೆಳಗೆ ಉಳಿಯುವ ಸೀಸ ಕನ್ನಡಿಯಂತೆ ಹೊಳೆಯುತ್ತದೆ. ನಿಜ ಹೇಳಬೇಕೆಂದರೆ, ನೋಡಲು ಬಲು ಚೆಂದ.

ಆದರೆ ಮಗನ ಕೈಯಲ್ಲಿ ಬಂದ ಗುಂಡುಗಳು ಚೆಂದವಿರಲಿಲ್ಲ. ಎರಡು ಹೋಳಿನ ಅಚ್ಚು ಬಿಡಿಸಿದರೆ ಮುದುಕಿಯ ಕೆನ್ನೆಯಂತೆ ಸುಕ್ಕುಸುಕ್ಕು. ಕೆಲವಕ್ಕೆ ಮೂಲೆಯೇ ತುಂಬಿರಲಿಲ್ಲ. ಅವನು ಸೀಸದ ಉರಿ ಇನ್ನೂ ಜಾಸ್ತಿ ಮಾಡಿದ. ಒಂದೊಂದು ಗುಂಡು ಬಿದ್ದಾಗಲೂ ಅದನ್ನು ಇಕ್ಕಳದಲ್ಲಿ ಎತ್ತಿ, ತಿರುಗಿಸಿ, ನಿಟ್ಟುಸಿರು ಬಿಟ್ಟು ನೋಡಿದ. ಮುಂದಿನದೂ ಸುಕ್ಕು.

ನನಗೆ ಸುಮ್ಮನಿರಲು ಆಗಲಿಲ್ಲ. "ಹಿಟ್ಟಿನ ತಪ್ಪಲ್ಲ ಕಣೋ, ಹಂಚು ಕಾದಿಲ್ಲ!" ಎಂದುಬಿಟ್ಟೆ. ಎದ್ದು ಹೋಗಿ, ನೀರಿನ ಲೋಟದಲ್ಲಿ ಬೆರಳದ್ದಿ, ಅಭ್ಯಾಸಬಲದಿಂದ ಅಚ್ಚಿನ ಮೇಲೆ ಚಿಮುಕಿಸಲು ಕೈ ಎತ್ತಿದೆ. ಅಜ್ಜ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡ. ಒಂದೇ ಒಂದು ಹನಿ ಕರಗಿದ ಸೀಸದೊಳಗೆ ಸೇರಿದರೆ, ಅದು ಕ್ಷಣದಲ್ಲಿ ಆವಿಯಾಗಿ ಉಬ್ಬಿ ಪಾತ್ರೆಯ ಸೀಸವನ್ನೆಲ್ಲ ಮುಖಕ್ಕೆ ಎರಚುತ್ತದಂತೆ. ಕಾದ ಎಣ್ಣೆಗೆ ನೀರು ಬಿದ್ದರೆ ಸಿಡಿಯುವುದು ಅದರ ಮುಂದೆ ಮಕ್ಕಳಾಟ. ಅವರು ಕನ್ನಡಕ, ದಪ್ಪ ಕೈಚೀಲ ಹಾಕಿಕೊಂಡದ್ದು ಯಾಕೆಂದು ಆಗ ಅರ್ಥವಾಯಿತು.

ಆದರೂ ನನ್ನ ಮಾತು ಸರಿಯಾಗಿತ್ತು. ಅಜ್ಜ ನಕ್ಕು, "ನಿಮ್ಮ ತಾಯಿ ಹೇಳಿದ್ದೇ ಪಾಠ" ಎಂದ. ಹೊಸ ಅಚ್ಚಿನ ಎಣ್ಣೆಯಂಶವನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು, ಸುರಿಯುವ ಮೊದಲು ಅಚ್ಚನ್ನೇ ಕಾಯಿಸಿಕೊಳ್ಳಬೇಕು. ಮೊದಲ ಹತ್ತಾರು ಗುಂಡು ಕೆಟ್ಟೇ ಕೆಡುತ್ತವೆ, ಮೊದಲ ದೋಸೆಯಂತೆ. ಕೆಟ್ಟವನ್ನು ನೋಡುತ್ತ ಕೂತರೆ ಅಚ್ಚು ಆರುತ್ತದೆ. ಒಂದೇ ಲಯದಲ್ಲಿ ಸುರಿಯುತ್ತ ಹೋಗಬೇಕು. ಅಚ್ಚಿನ ಬಾಯಮೇಲೆ ಸ್ವಲ್ಪ ಸೀಸ ಮಿಕ್ಕಿ ನಿಲ್ಲಬೇಕು, ಯಾಕೆಂದರೆ ಒಳಗಿನದು ಆರಿ ಕುಗ್ಗುವಾಗ ಅದನ್ನು ಎಳೆದುಕೊಳ್ಳುತ್ತದೆ. ಮಿಕ್ಕದ್ದು ಗಟ್ಟಿಯಾಗುವ ಮೊದಲೇ ಕತ್ತರಿಸಿದರೆ ಬುಡ ಹರಿಯುತ್ತದೆ. ಗುಂಡಿನ ಮೈ ಇಬ್ಬನಿ ಕೂತಂತೆ ಮಂಕಾದರೆ ಅಚ್ಚು ಅತಿಯಾಗಿ ಕಾದಿದೆ, ಒಂದು ನಿಮಿಷ ತಾಳು ಎಂದರ್ಥ. ನೂರಕ್ಕೆ ಎರಡು ಪಾಲು ತವರ ಸೇರಿಸಿದರೆ ಸೀಸ ಮೂಲೆಮೂಲೆಗೂ ಚೆನ್ನಾಗಿ ಹರಿಯುತ್ತದೆ. ಇಷ್ಟನ್ನೂ ನಾನು ಬೇರೆ ಹೆಸರಿನಲ್ಲಿ ನಲವತ್ತು ವರ್ಷದಿಂದ ಬಲ್ಲೆ. ನಾವು ಪಡ್ಡು ಅನ್ನುವುದಕ್ಕೆ ಕೆಲವು ಕಡೆ ಗುಂಡುಪೊಂಗಲು ಅನ್ನುತ್ತಾರೆ. ಅಂತೂ ಜೀವಮಾನವೆಲ್ಲ ಗುಂಡು ಹೊಯ್ದವಳೇ!

ಅರ್ಧ ಗಂಟೆಯಲ್ಲಿ ಮಗನ ಅಚ್ಚಿನಿಂದ ನುಣ್ಣನೆಯ, ಚೂಪು ಮೂಲೆಯ ಗುಂಡುಗಳು ಟಪಟಪನೆ ಬಟ್ಟೆಯ ಮೇಲೆ ಬೀಳತೊಡಗಿದವು. ಅವನ ಮುಖ ಏಳನೇ ಕ್ಲಾಸಿನಲ್ಲಿ ಗಣಿತಕ್ಕೆ ನೂರು ಬಂದಾಗಿನಂತೆ ಅರಳಿತ್ತು. ನನಗೂ ಹೆಮ್ಮೆಯಾಯಿತು. ರಾತ್ರಿ ಮಲಗಿದಾಗ ಮಾತ್ರ ನಿದ್ದೆ ಬರಲಿಲ್ಲ. ಬೇಡವೆನ್ನುವ ಕೆಲಸವನ್ನು ಚೆನ್ನಾಗಿ ಮಾಡಲು ನಾನೇ ಹೇಳಿಕೊಟ್ಟೆನಲ್ಲ! ನಾನು ಹೇಳಿದ್ದು ಹಂಚಿನ ಪಾಠ, ಬಂದೂಕಿನದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಚಾಕು ಮಸೆದುಕೊಟ್ಟವನೂ ಹಾಗೇ ಹೇಳಿಕೊಳ್ಳುತ್ತಾನೆ.

ಮರುದಿನ ಅಜ್ಜನೊಡನೆ ಇದನ್ನೇ ಹೇಳಿದೆ. ಅವನು ಕೆಟ್ಟ ಗುಂಡುಗಳ ತಟ್ಟೆಯನ್ನು ತೋರಿಸಿ, "ಮೇಡಂ, ಈ ಕೆಲಸದ ದೊಡ್ಡ ಗುಣ ಇದು. ಕೆಟ್ಟದ್ದೆಲ್ಲ ಮತ್ತೆ ಪಾತ್ರೆಗೆ ಹೋಗುತ್ತದೆ. ಕಲಿಯುವವನಿಗೆ ಇದಕ್ಕಿಂತ ದಯಾಳು ಗುರುವಿಲ್ಲ" ಎಂದ. ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಸ್ಲೇಟಿನ ಮೇಲೆ ಬರೆದದ್ದನ್ನು ಅಳಿಸಬಹುದು ಎಂಬ ಧೈರ್ಯದಿಂದಲೇ ಮಕ್ಕಳು ಅಕ್ಷರ ಕಲಿತದ್ದು. ತಪ್ಪು ಮಾಡು, ಕಲಿ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ.

ಮುಂದಿನ ತಿಂಗಳು ಮೊಮ್ಮಗನಿಗೆ ಎರಡು ತುಂಬಿತು. ಅಲ್ಲಿ ಹಲವು ಕಡೆ ಆ ವಯಸ್ಸಿನ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆಯೆಂದು ಪರೀಕ್ಷೆ ಮಾಡುತ್ತಾರೆ. 1978ರಲ್ಲಿ ನಿಷೇಧವಾಗುವವರೆಗೆ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಇರುತ್ತಿತ್ತು, ಹಳೆಯ ಮನೆಗಳಲ್ಲಿ ಅದು ಇನ್ನೂ ಉದುರುತ್ತದೆ. ಮಗುವಿನ ಫಲಿತಾಂಶ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಎಂದು ಬಂತು. 2021ರಿಂದ ಅಲ್ಲಿ 3.5 ಮುಟ್ಟಿದರೇ ಎಚ್ಚರಿಕೆಯ ಗಂಟೆ. ಡಾಕ್ಟರಮ್ಮ ಕೇಳಿದ್ದು ಎರಡೇ ಪ್ರಶ್ನೆ. ಮನೆ ಎಷ್ಟು ಹಳೆಯದು? ಮನೆಯಲ್ಲಿ ಯಾರಾದರೂ ಸೀಸದ ಕೆಲಸ ಮಾಡುತ್ತಾರೆಯೇ? ಮನೆ ಹೊಸದೇ. ಎರಡನೇ ಪ್ರಶ್ನೆಗೆ ಸೊಸೆ ಮಗನ ಮುಖ ನೋಡಿದಳು.

ಆಮೇಲೆ ಅವರು ಹೇಳುತ್ತಿದ್ದದ್ದನ್ನು ಕೇಳುತ್ತ ನನ್ನ ಕೈಕಾಲು ತಣ್ಣಗಾದವು. ಪಾತ್ರೆಯ ಆ ಶಾಖದಲ್ಲಿ ಏಳುವ ಆವಿಗಿಂತ ಹೆಚ್ಚು ಹೆದರಬೇಕಾದ್ದು ಕಿಟ್ಟದ ಸಣ್ಣ ಧೂಳಿಗೆ. ಅದು ಕೈಗೆ, ಬಟ್ಟೆಗೆ, ಚಪ್ಪಲಿಗೆ ಅಂಟಿ ಒಳಗೆ ಬರುತ್ತದೆ. ನೆಲದಲ್ಲಿ ಆಡುವ ಮಗು ಕೈ ಬಾಯಿಗಿಟ್ಟುಕೊಳ್ಳುತ್ತದೆ. ಮಗುವಿನ ದೇಹ ದೊಡ್ಡವರಿಗಿಂತ ಬಹಳ ಹೆಚ್ಚು ಸೀಸವನ್ನು ಹೀರಿಕೊಳ್ಳುತ್ತದೆ. ಆ ಜಾಗವನ್ನು ಒಣಗಿದ ಪೊರಕೆಯಿಂದ ಎಂದೂ ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ನಾನು ಗುಡಿಸಿದ್ದೆ. ಒಮ್ಮೆಯಲ್ಲ, ವಾರಕ್ಕೆರಡು ಸಲ. ಮಗ ಗಲೀಜು ಮಾಡಿಟ್ಟಿದ್ದಾನೆಂದು ಗೊಣಗುತ್ತ, ಪಾತ್ರೆಯ ಸುತ್ತ ಚೆಲ್ಲಿದ ಬೂದಿಯನ್ನು ಊರಿನಿಂದ ತಂದ ಕಸಬರಿಗೆಯಿಂದ ಗುಡಿಸಿ, ಅದೇ ಕಸಬರಿಗೆಯಿಂದ ನಡುಮನೆಯನ್ನೂ ಗುಡಿಸಿ, ಅದೇ ಸೆರಗಿನಿಂದ ಮೊಮ್ಮಗನ ಬಾಯಿ ಒರೆಸಿದ್ದೆ. ಆ ಕಡೆ ಹೋಗಬೇಡಮ್ಮ ಎಂದು ಮಗ ಹೇಳಿದ್ದ, ಯಾಕೆಂದು ಹೇಳಿರಲಿಲ್ಲ. ಬೇರೆ ಚಪ್ಪಲಿ, ಬೇರೆ ಬಟ್ಟೆ ಇಟ್ಟುಕೋ ಎಂದು ಅಜ್ಜ ಅವನಿಗೆ ಹೇಳಿದ್ದ, ಅವನು ಆಮೇಲೆ ನೋಡೋಣ ಎಂದುಕೊಂಡಿದ್ದ. ಗುಂಡು ದೂರದಲ್ಲಿ ಯಾರಿಗೆ ತಗಲುತ್ತದೋ ಎಂದು ನಾನು ರಾತ್ರಿಯೆಲ್ಲ ಚಿಂತಿಸಿದ್ದೆ. ಅದು ನನ್ನ ಸೆರಗಿನಿಂದಲೇ ಬಂದು ನಮ್ಮ ಮಗುವಿಗೆ ತಗಲಿತ್ತು.

ಆ ಮಟ್ಟಕ್ಕೆ ಔಷಧವಿಲ್ಲ. ಮೂಲ ನಿಲ್ಲಿಸಿ, ಕಬ್ಬಿಣ, ಸುಣ್ಣದಂಶವಿರುವ ಊಟ ಕೊಡಿ ಎಂದರು. ರಾಗಿ ಅಂಬಲಿಯ ಮರ್ಯಾದೆ ಆ ಮನೆಯಲ್ಲಿ ಒಮ್ಮೆಲೇ ಏರಿತು. ಮೂರು ತಿಂಗಳಲ್ಲಿ ಅಂಕಿ 3ಕ್ಕಿಳಿಯಿತು. ಎಲ್ಲರೂ ಉಸಿರು ಬಿಟ್ಟೆವು. ಆದರೆ ಸೀಸದ ಬುದ್ಧಿ ಬೇರೆ. ದೇಹ ಅದನ್ನು ಸುಣ್ಣವೆಂದು ಭ್ರಮಿಸಿ ಮೂಳೆಯಲ್ಲಿ ಕೂಡಿಡುತ್ತದೆ, ಅಲ್ಲಿ ಅದು ವರ್ಷಗಟ್ಟಲೆ ಕೂತಿರುತ್ತದೆ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟ ಯಾವುದೂ ಗೊತ್ತಾಗಿಲ್ಲ ಎಂದು ವೈದ್ಯಲೋಕವೇ ಹೇಳುತ್ತದೆ. ಮಗು ಚೂಟಿಯಾಗಿಯೇ ಇದ್ದಾನೆ. ಇನ್ನೂ ಎಷ್ಟು ಚೂಟಿಯಾಗುತ್ತಿದ್ದನೋ ಎಂಬ ಲೆಕ್ಕವನ್ನು ಯಾರೂ ತೆಗೆಯಲಾರರು.

ಅಲ್ಲಿನ ಗ್ರಂಥಾಲಯದಲ್ಲಿ ಕ್ಯಾಲಿಫೋರ್ನಿಯಾದ ಕಾಂಡರ್ ಎಂಬ ದೊಡ್ಡ ರಣಹದ್ದಿನ ಬಗ್ಗೆ ಓದಿದೆ. 1982ರಲ್ಲಿ ಪ್ರಪಂಚದಲ್ಲಿ ಅವು ಉಳಿದದ್ದು 22 ಮಾತ್ರ. ಬೇಟೆಗಾರರು ಬಿಟ್ಟುಹೋದ ಜಿಂಕೆಯ ಕರುಳನ್ನು ತಿಂದಾಗ, ಅದರಲ್ಲಿದ್ದ ಗುಂಡಿನ ಚೂರುಗಳ ಸೀಸವೇ ಅವುಗಳ ದೊಡ್ಡ ಶತ್ರುಗಳಲ್ಲಿ ಒಂದು. 2019ರ ಜುಲೈಯಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಆ ಬೇಟೆಗಾರರು ಒಳ್ಳೆಯ ಗುರಿಕಾರರೇ ಇದ್ದಿರಬೇಕು. ಗುಂಡು ಹೊಡೆದದ್ದು ಜಿಂಕೆಗೆ, ಸತ್ತದ್ದು ಅವರ ಕಣ್ಣಿಗೇ ಬೀಳದ ಹಕ್ಕಿ. ನಮ್ಮ ಊರುಗಳಲ್ಲೂ ಇದರ ಬಂಧುಗಳುಂಟು. ತವರಕ್ಕೆ ಸೀಸ ಬೆರೆಸಿ ಕಲಾಯಿ ಹಾಕಿದರೆ ಹುಳಿಸಾರಿನೊಡನೆ ಬಡಿಸಿದ್ದು ಏನೆಂದು ಯಾವ ಅಡಿಗೆಯವಳಿಗೂ ತಿಳಿಯುವುದಿಲ್ಲ.

ತಪ್ಪು ಮಾಡಿ ಕಲಿ ಎನ್ನುವ ನನ್ನ ಹಳೆಯ ಪಾಠವನ್ನು ನಾನು ಈಗ ಹಾಗೇ ಹೇಳಲಾರೆ. ಕಲಿಯುವವನಿಗೆ ತಪ್ಪು ಮಾಡುವ ಹಕ್ಕಿದೆ, ಆದರೆ ಆ ತಪ್ಪು ಮತ್ತೆ ಪಾತ್ರೆಗೆ ಹೋಗಿ ಕರಗುವಂಥದ್ದಾಗಿರಬೇಕು, ಅದರ ಬೆಲೆ ತೆರುವವನು ಅವನೇ ಆಗಿರಬೇಕು. ಸುಕ್ಕು ಗುಂಡು, ಸೀದ ದೋಸೆ, ತಪ್ಪು ಲೆಕ್ಕ, ಇವೆಲ್ಲ ಕರಗುತ್ತವೆ. ಹಾರಿದ ಗುಂಡು ಕರಗುವುದಿಲ್ಲ, ಮಗುವಿನ ಮೂಳೆಗೆ ಸೇರಿದ್ದು ಕರಗುವುದಿಲ್ಲ, ಸಿಟ್ಟಿನಲ್ಲಿ ಮಗಳಿಗೋ ಸೊಸೆಗೋ ಆಡಿದ ಕೆಲವು ಮಾತುಗಳೂ ಕರಗುವುದಿಲ್ಲ. ಇಂಥ ಕಡೆ ಮೊದಲ ದಿನವೇ ಹಳಬರಂತೆ ನಡೆದುಕೊಳ್ಳಬೇಕು. ಕೈಯಲ್ಲಿ ಹೊಳೆಯುವುದನ್ನು ಚೆನ್ನಾಗಿ ಮಾಡುವುದು ಅರ್ಧ ಕೆಲಸ. ಅದರ ಕಿಟ್ಟ ಎಲ್ಲಿಗೆ ಹೋಯಿತೆಂದು ನೋಡುವುದು ಉಳಿದರ್ಧ.

ಮಗ ಹವ್ಯಾಸ ಬಿಡಲಿಲ್ಲ. ಪಾತ್ರೆ, ಅಚ್ಚು ಎಲ್ಲವನ್ನೂ ಅಜ್ಜನ ಹಿತ್ತಲ ಶೆಡ್ಡಿಗೆ ಸಾಗಿಸಿದ. ಆ ಮನೆಯಲ್ಲಿ ಮಕ್ಕಳಿಲ್ಲ. ಬೇರೆ ಬಟ್ಟೆ ಹಾಕಿ, ಸ್ನಾನ ಮಾಡಿ, ಆಮೇಲೆ ಮಗುವನ್ನು ಎತ್ತಿಕೊಳ್ಳುತ್ತಾನೆ. ಅವನು ಗುಂಡು ಹೊಯ್ಯುವುದು ಸರಿಯೇ ಎಂಬ ವಾದ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ. ಭಾನುವಾರದ ಫೋನಿನಲ್ಲಿ ಮುಂದುವರಿಯುತ್ತದೆ.

ನನ್ನ ಕಸಬರಿಗೆಯನ್ನು ಅವನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಅಪಾಯದ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಟ್ಟುಬಂದ. ಸಾವಿರಾರು ಮೈಲಿ ಹೊತ್ತು ತಂದ ಕಸಬರಿಗೆ. ನಾನು ಒಂದು ಮಾತೂ ಆಡಲಿಲ್ಲ.