ಏಕಾಂತವೂ ಅಂತರ್ಜಾಲವೂ

ದೇವನಹಳ್ಳಿ ತಾಲ್ಲೂಕಿನ ವಿಜಯಪುರಕ್ಕೆ ಹಿಂದೆ ವಡಿಗೇನಹಳ್ಳಿಯೆಂಬ ಹೆಸರಿದ್ದಿತು. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಪ್ರಸಿದ್ಧವಾದ ಈ ಊರಿನ ಹೆಸರಿಗೆ 2014ನೆಯ ಇಸವಿ ನವೆಂಬರ್ 1ರಂದು ಪಾಲುದಾರನೊಬ್ಬನು ಬಂದನು. ಅಂದಿನಿಂದ ಉತ್ತರದ ಬಿಜಾಪುರವೂ ವಿಜಯಪುರವಾಯಿತು. ಎರಡು ಊರುಗಳ ನಡುವೆ ಸುಮಾರು 500 ಕಿಲೋಮೀಟರುಗಳ ಅಂತರವುಂಟು. ಆದರೂ ವಡಿಗೇನಹಳ್ಳಿಯ ಗೃಹಸ್ಥನೊಬ್ಬನು ತನ್ನ ಮೊಬೈಲಿನಲ್ಲಿ ‘ವಿಜಯಪುರದಲ್ಲಿ ಮಳೆ’ ಎಂದು ಬರೆದು ಹುಡುಕಿದರೆ, ಗೋಳಗುಮ್ಮಟದ ಊರನ್ನು ಬಿಟ್ಟು ಆತನ ಊರಿನ ಮಳೆಯ ಸಮಾಚಾರವನ್ನೇ ಯಂತ್ರವು ಮುಂದಿಡುವುದುಂಟು. ಆತನಿಗೆ ಸಂತೋಷವಾಗುತ್ತದೆ. ಆ ಸಂತೋಷದಲ್ಲಿ ಒಂದು ಸಂಗತಿಯು ಮರೆತುಹೋಗುತ್ತದೆ: ಎರಡು ಊರುಗಳಲ್ಲಿ ಯಾವುದು ಬೇಕೆಂದು ಆತನು ಹೇಳಿರಲಿಲ್ಲ. ಆತನು ಎಲ್ಲಿ ಕುಳಿತಿರುವನೆಂಬುದು ಯಂತ್ರಕ್ಕೆ ಮೊದಲೇ ತಿಳಿದಿದ್ದಿತು.

ಈ ತಿಳಿವಳಿಕೆಗೆ ಮಾರ್ಗಗಳು ಅನೇಕ. ಮೊಬೈಲು ಉಪಗ್ರಹಗಳ ಸಹಾಯದಿಂದ ತನ್ನ ಸ್ಥಳವನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ. ಅದನ್ನು ನಿಲ್ಲಿಸಿದರೂ ಸಂಪರ್ಕಕ್ಕೆ ದೊರೆತಿರುವ ಐ.ಪಿ. ವಿಳಾಸದಿಂದ ಸೀಮೆಯ ಸುಳಿವು ಸಿಕ್ಕುತ್ತದೆ. ಖಾತೆಯನ್ನು ತೆರೆದುಕೊಂಡೇ ಹುಡುಕುವವನ ಪ್ರಶ್ನೆಗಳು ಆ ಖಾತೆಯ ಲೆಕ್ಕಕ್ಕೆ ಜಮೆಯಾಗುತ್ತ ಹೋಗುತ್ತವೆ. ಇವಲ್ಲದೆ ‘ಕುಕಿ’ ಎಂಬ ಪುಟ್ಟ ಚೀಟಿಯೊಂದುಂಟು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಎಂಬಾತನು ಇದನ್ನು ಕಲ್ಪಿಸಿದನು. ಅಂಗಡಿಗೆ ಮತ್ತೆ ಬಂದ ಗಿರಾಕಿಯನ್ನು ಅಂಗಡಿಯವನು ಗುರುತಿಸಲೆಂದು ಗಿರಾಕಿಯ ಜೇಬಿನಲ್ಲಿಯೇ ಇಟ್ಟು ಕಳುಹಿಸುವ ಗುರುತಿನ ಚೀಟಿಯದು. ಅಷ್ಟಕ್ಕೇ ನಿಂತಿದ್ದರೆ ದೋಷವೇನೂ ಇರುತ್ತಿರಲಿಲ್ಲ. ಜಾಹೀರಾತಿನವರು ಬೀದಿಯ ನೂರು ಅಂಗಡಿಗಳಲ್ಲಿಯೂ ತಮ್ಮದೇ ಚೀಟಿಯನ್ನು ಹಂಚುವ ಏರ್ಪಾಡನ್ನು ಮಾಡಿಕೊಂಡಮೇಲೆ, ಗಿರಾಕಿಯು ಎಲ್ಲಿಂದ ಎಲ್ಲಿಗೆ ಹೋದನು, ಯಾವ ಸರಕಿನ ಮುಂದೆ ಎಷ್ಟು ಹೊತ್ತು ನಿಂತನು ಎಂಬುದೆಲ್ಲ ಒಂದೇ ಪುಸ್ತಕದಲ್ಲಿ ದಾಖಲಾಗತೊಡಗಿತು.

ಇಲ್ಲಿ ಒಂದು ಪೂರ್ವಪಕ್ಷವು ಎದುರಾಗುತ್ತದೆ. ‘ತಪ್ಪು ಮಾಡದವನಿಗೆ ಮರೆಯೇಕೆ?’ ಎಂದು ಓದಿ ತಿಳಿದವರೇ ಕೇಳುವುದುಂಟು. ಮಾತು ನೇರವಾಗಿದೆ, ಧೈರ್ಯವಂತರ ಮಾತಿನಂತೆಯೂ ಕೇಳಿಸುತ್ತದೆ. ಆದರೆ ಮರೆಯಿರುವಲ್ಲೆಲ್ಲ ಪಾಪವಿರುವುದೆಂಬ ಊಹೆಯು ಇದರೊಳಗೆ ಅಡಗಿದೆ. ಲೋಕದ ನಡವಳಿಕೆಯು ಈ ಊಹೆಯನ್ನು ಒಪ್ಪುವುದಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ವರ್ಷವರ್ಷವೂ ದನಗಳ ಜಾತ್ರೆ ಸೇರುತ್ತದೆ. ಕೊಳ್ಳುವವನೂ ಮಾರುವವನೂ ಕೈಗಳ ಮೇಲೆ ಟವೆಲನ್ನು ಹೊದಿಸಿ, ಅದರಡಿಯಲ್ಲಿ ಬೆರಳುಗಳನ್ನು ಹಿಡಿದು ಬೆಲೆ ಕುದುರಿಸುವುದು ಈ ನಾಡಿನ ದನದ ಜಾತ್ರೆಗಳ ಹಳೆಯ ಪದ್ಧತಿ. ಸಾವಿರ ಕಣ್ಣುಗಳ ನಡುವೆ ನಡೆಯುವ ಈ ವ್ಯವಹಾರದಲ್ಲಿ ಕಳ್ಳತನವಿಲ್ಲ. ಒಬ್ಬನು ಕೇಳಿ ಬಿಟ್ಟ ಬೆಲೆಯು ಮುಂದಿನ ಗಿರಾಕಿಗೆ ತಿಳಿಯಬಾರದು, ಬಡವನು ತನ್ನ ಕೈಲಾದಷ್ಟನ್ನು ಹೇಳಿ ಸೋತದ್ದು ಊರವರ ಬಾಯಿಗೆ ಬೀಳಬಾರದು, ಅಷ್ಟೆ. ಆ ಟವೆಲನ್ನು ಎಳೆದು ನೋಡುವವನನ್ನು ಜಾತ್ರೆಯಲ್ಲಿ ಯಾರೂ ಸತ್ಯಸಂಧನೆಂದು ಹೊಗಳುವುದಿಲ್ಲ.

ದನದ ಬೆಲೆಗೇ ಇಷ್ಟು ಮರ್ಯಾದೆ ಸಲ್ಲುವುದಾದರೆ ಮನಸ್ಸಿನ ಪ್ರಶ್ನೆಗೆ ಎಷ್ಟು ಸಲ್ಲಬೇಕು? ಮನುಷ್ಯನು ಮಾಡಿದ ಕೆಲಸಕ್ಕೆ ಹೊಣೆಗಾರನು. ಆಡಿದ ಮಾತಿಗೂ ಹೊಣೆಗಾರನೇ. ಕೇಳಿದ ಪ್ರಶ್ನೆಯಾದರೋ ಕೆಲಸವೂ ಅಲ್ಲ, ಮುಗಿದ ಮಾತೂ ಅಲ್ಲ. ಅದು ಇನ್ನೂ ರೂಪುಗೊಳ್ಳುತ್ತಿರುವ ಆಲೋಚನೆ. ಎದೆಯಲ್ಲಿ ಗಂಟೊಂದು ಕೈಗೆ ತಗುಲಿದ ಹೆಂಗಸು, ಸಾಲ ತೀರುವ ದಾರಿ ಕಾಣದ ನೇಕಾರ, ಮನೆಯ ಆಚಾರದಲ್ಲಿ ಸಂದೇಹ ಹುಟ್ಟಿದ ತರುಣ, ಇವರು ವೈದ್ಯನನ್ನೋ ಹಿರಿಯರನ್ನೋ ಕೇಳುವುದಕ್ಕಿಂತ ಮೊದಲು ಈಗ ಮೊಬೈಲನ್ನು ಕೇಳುತ್ತಾರೆ. ಕೇಳಿದ ಮಾತ್ರಕ್ಕೆ ಆ ಹೆಂಗಸು ರೋಗಿಯಾಗಲಿಲ್ಲ, ಆ ತರುಣನು ನಾಸ್ತಿಕನಾಗಲಿಲ್ಲ. ಆದರೆ ಯಾರೋ ಬರೆದುಕೊಳ್ಳುತ್ತಿರುವರೆಂಬ ಅಳುಕು ಒಮ್ಮೆ ಮನಸ್ಸಿಗೆ ಹೊಕ್ಕರೆ ಬೆರಳು ಹಿಂದಕ್ಕೆ ಸರಿಯುತ್ತದೆ. ಏಕಾಂತವು ಕೆಟ್ಟಲ್ಲಿ ಮೊದಲು ನಷ್ಟವಾಗುವುದು ಕೇಳದೆ ಉಳಿದ ಪ್ರಶ್ನೆ. ಆ ನಷ್ಟವನ್ನು ಯಾವ ಲೆಕ್ಕದ ಪುಸ್ತಕವೂ ತೋರಿಸುವುದಿಲ್ಲ.

‘ಪ್ರಶ್ನೆಗಳನ್ನು ಬರೆದುಕೊಂಡರೂ ಹೆಸರನ್ನು ಅಳಿಸಿಬಿಟ್ಟರಾಯಿತಲ್ಲ’ ಎಂಬುದು ಎರಡನೆಯ ಸಮಾಧಾನ. ವಿಜಯಪುರದ ಸೀಮೆಯವರಿಗೆ ರೇಷ್ಮೆನೂಲು ಬಿಚ್ಚುವ ಕ್ರಮವನ್ನು ವಿವರಿಸಬೇಕಾದುದಿಲ್ಲ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಮೇಲಿನ ಸಿಕ್ಕನ್ನು ತೆಗೆದು, ಎಳೆಯ ತುದಿಯೊಂದನ್ನು ಹಿಡಿದರೆ ನೂರಾರು ಮೀಟರುಗಳ ನೂಲು ಬಿಚ್ಚಿಕೊಳ್ಳುತ್ತ ಬರುತ್ತದೆ. ಕೊನೆಗೆ ಒಳಗಿದ್ದ ಹುಳು ಬರಿದಾಗಿ ಉಳಿಯುತ್ತದೆ. 2006ರ ಆಗಸ್ಟಿನಲ್ಲಿ ಅಮೆರಿಕದ ಎ.ಓ.ಎಲ್. ಕಂಪನಿಯು ಸುಮಾರು ಆರೂವರೆ ಲಕ್ಷ ಜನರು ಮೂರು ತಿಂಗಳಲ್ಲಿ ಕೇಳಿದ್ದ ಸುಮಾರು ಎರಡು ಕೋಟಿ ಪ್ರಶ್ನೆಗಳನ್ನು ವಿದ್ವಾಂಸರ ಉಪಯೋಗಕ್ಕೆಂದು ಬಹಿರಂಗಪಡಿಸಿತು. ಹೆಸರುಗಳನ್ನು ತೆಗೆದು ಬರಿಯ ಸಂಖ್ಯೆಗಳನ್ನು ಇಟ್ಟಿದ್ದಿತು. ಕೆಲವೇ ದಿನಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯವರು ಒಂದು ಸಂಖ್ಯೆಯ ಎಳೆಯನ್ನು ಹಿಡಿದು ಹೋಗಿ, ಜಾರ್ಜಿಯಾ ಪ್ರಾಂತದ 62 ವರ್ಷದ ವಿಧವೆಯೊಬ್ಬಳ ಮನೆಯ ಬಾಗಿಲನ್ನು ಮುಟ್ಟಿದರು. ಆಕೆ ತನ್ನ ಊರಿನ ಕೆಲಸಗಾರರನ್ನೂ ತನ್ನ ಮನೆತನದ ಹೆಸರಿನವರನ್ನೂ ಹುಡುಕಿದ್ದೇ ಸುಳಿವಾಯಿತು. ಇದಕ್ಕಿಂತ ವಿಚಾರಾರ್ಹವಾದುದು ಮತ್ತೊಂದಿದೆ. ಆ ಪಟ್ಟಿಯಲ್ಲಿ ನಾನಾ ರೋಗಗಳ ವಿಚಾರವಾದ ಪ್ರಶ್ನೆಗಳಿದ್ದುವು. ಓದಿದವನು ಆಕೆಗೆ ಆ ರೋಗಗಳೆಲ್ಲ ಇದ್ದುವೆಂದೇ ತಿಳಿಯುತ್ತಿದ್ದನು. ನಿಜವಾಗಿ ಆಕೆ ಹುಡುಕಿದ್ದು ತನ್ನ ಸ್ನೇಹಿತರ ಕಾಯಿಲೆಗಳನ್ನು. ಪ್ರಶ್ನೆಗಳು ಒಂದೊಂದೂ ಸತ್ಯ. ಅವುಗಳನ್ನು ಪೋಣಿಸಿ ತೆಗೆದ ಚಿತ್ರವು ಸುಳ್ಳು. ಪರರ ಸಂಕಟಕ್ಕೆ ಮರುಗಿದ ಹೃದಯವು ಯಂತ್ರದ ಲೆಕ್ಕದಲ್ಲಿ ರೋಗಿಷ್ಠ ದೇಹವಾಗಿ ಕಂಡಿತು!

ನೋಡುವವರು ಯಾರು ಎಂಬುದನ್ನೂ ವಿಚಾರಿಸಬೇಕು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದಾಗ, ಅದರಲ್ಲಿಯ ಗೂಢಚಾರರ ಪ್ರಕರಣವನ್ನು ಓದಿ ಲೋಕವು ಬೆರಗಾಯಿತು. ಸಂನ್ಯಾಸಿಯ ವೇಷ, ಗೃಹಸ್ಥನ ವೇಷ, ವರ್ತಕನ ವೇಷ, ತಪಸ್ವಿಯ ವೇಷ, ಹೀಗೆ ರಾಜನ ಚಾರರಿಗೆ ಬಗೆಬಗೆಯ ವೇಷಗಳು. ಅಲ್ಲಿ ಚಾರನು ವರ್ತಕನ ವೇಷವನ್ನು ಧರಿಸುತ್ತಿದ್ದನು. ಈಗ ವರ್ತಕನಿಗೆ ವೇಷವೇ ಬೇಕಾಗಿಲ್ಲ. ಆತನು ನಿಜವಾದ ವರ್ತಕನೇ, ಗಿರಾಕಿಯ ಸುದ್ದಿಯೇ ಆತನ ಸರಕು.

ರಾಜ್ಯದ ಎದುರಿಗೆ ಪ್ರಜೆಯ ಏಕಾಂತವನ್ನು ಎತ್ತಿಹಿಡಿದ ಮೊಕದ್ದಮೆಯು ಕನ್ನಡನಾಡಿನ ವೃದ್ಧರೊಬ್ಬರ ಹೆಸರಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇರಿದರು. ಏಕಾಂತವೆಂಬುದು ಮೂಲಭೂತವಾದ ಹಕ್ಕೇ ಅಲ್ಲವೆಂದು ಸರ್ಕಾರದ ಪಕ್ಷದವರು 1954 ಮತ್ತು 1962ರ ಹಳೆಯ ತೀರ್ಪುಗಳನ್ನು ತೋರಿಸಿ ವಾದಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಏಕಕಂಠದಿಂದ ಅದು ಹಕ್ಕೇ ಸರಿಯೆಂದು ತೀರ್ಮಾನಿಸಿ, ಆ ಹಳೆಯ ತೀರ್ಪುಗಳಲ್ಲಿದ್ದ ವಿರುದ್ಧಾಭಿಪ್ರಾಯವನ್ನು ತಳ್ಳಿಹಾಕಿತು. ಮುಂದಿನ ವರ್ಷ ಆಧಾರ್ ಯೋಜನೆಯೇನೋ ಬಹುಮತದಿಂದ ಊರ್ಜಿತವಾಯಿತು, ಖಾಸಗಿ ಕಂಪನಿಗಳು ಅದನ್ನು ಕೇಳುವುದಕ್ಕೆ ಮಾತ್ರ ತಡೆಬಿದ್ದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ 98ರ ವಯಸ್ಸಿನಲ್ಲಿ ತೀರಿಕೊಂಡರು. ತಾವು ಕೇಳಿದ್ದರಲ್ಲಿ ಅರ್ಧವನ್ನೂ, ತಾವು ಕೇಳಿದ್ದಕ್ಕಿಂತ ದೊಡ್ಡದಾದ ಮತ್ತೊಂದನ್ನೂ ಅವರು ಪಡೆದರೆಂದು ಹೇಳಬಹುದು.

ಹಕ್ಕು ದೊರೆತ ಮಾತ್ರಕ್ಕೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ಮುಚ್ಚುವ ಕೆಲಸ ಗೃಹಸ್ಥನದೇ. ಹಿಂದೆ ಕಾರ್ಡು ಬರೆಯುವವರು ಅಂಚೆಯವನೂ ಓದುವನೆಂದು ತಿಳಿದೇ ಬರೆಯುತ್ತಿದ್ದರು. ಗುಟ್ಟಿನ ಮಾತಿಗೆ ಲಕೋಟೆಯನ್ನು ಅಂಟಿಸುತ್ತಿದ್ದರು. ತಾಣದ ವಿಳಾಸದ ಮೊದಲಿಗೆ ‘ಎಚ್‌ಟಿಟಿಪಿಎಸ್’ ಎಂದಿದ್ದರೆ ಅದು ಲಕೋಟೆ. ಕೊನೆಯ ‘ಎಸ್’ ಇಲ್ಲದಿದ್ದರೆ ಕಾರ್ಡು. ಲಕೋಟೆಯೊಳಗಿನ ಮಾತು ದಾರಿಯಲ್ಲಿರುವವರಿಗೆ ತಿಳಿಯದು, ಆದರೆ ಯಾರಿಗೆ ಬರೆದುದೆಂಬ ಹೊರವಿಳಾಸವು ಸಾಮಾನ್ಯವಾಗಿ ಸಂಪರ್ಕವನ್ನು ಒದಗಿಸುವ ಕಂಪನಿಗೆ ಕಾಣುತ್ತದೆ. ಕಳ್ಳನೂ ಲಕೋಟೆಯನ್ನು ಅಂಟಿಸಬಲ್ಲನೆಂಬುದನ್ನು ಅನೇಕರು ಮರೆಯುತ್ತಾರೆ. ಬ್ಯಾಂಕಿನ ಸಹಾಯದ ನಂಬರನ್ನು ಹುಡುಕಿ, ಮೊದಲಿಗೆ ಕಂಡ ನಂಬರಿಗೆ ಮಾತನಾಡಿ, ಅವರು ಹೇಳಿದ ಆ್ಯಪನ್ನು ಹಾಕಿಕೊಂಡು ಹಣವನ್ನು ಕಳೆದುಕೊಂಡವರು ದಡ್ಡರಲ್ಲ. ಹುಡುಕಿ ದೊರೆತದ್ದು ನಿಜವೇ ಇರಬೇಕೆಂದು ನಂಬಿದವರು. ನಂಬರನ್ನು ಪಾಸುಬುಕ್ಕಿನಿಂದಲೋ ಕಾರ್ಡಿನ ಹಿಂಬದಿಯಿಂದಲೋ ನೋಡಿಕೊಳ್ಳುವುದು ಕ್ಷೇಮ. ಮೋಸವಾದರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಹಣವು ಕೈಯಿಂದ ಕೈಗೆ ದಾಟುವುದಕ್ಕೆ ಮೊದಲು ತಡೆಯುವ ಸಾಧ್ಯತೆ ಆ ಮೊದಲ ಗಳಿಗೆಗಳಲ್ಲಿಯೇ ಹೆಚ್ಚು. ಪ್ರಶ್ನೆಗಳನ್ನು ಕೇಳಿದವನ ಲೆಕ್ಕಕ್ಕೆ ಜಮೆಮಾಡುವುದಿಲ್ಲವೆಂದು ಹೇಳುವ ಡಕ್‌ಡಕ್‌ಗೋ ಮೊದಲಾದ ಹುಡುಕುಯಂತ್ರಗಳೂ ಉಂಟು. ದಾರಿಯನ್ನೇ ಮರೆಮಾಡುವ ವಿ.ಪಿ.ಎನ್. ಎಂಬ ಸೌಕರ್ಯವಿದೆ, ಆದರೆ ಅಲ್ಲಿ ಮರೆಯನ್ನು ಮಾರುವವನೇ ಎಲ್ಲವನ್ನೂ ನೋಡಬಲ್ಲ ಸ್ಥಾನದಲ್ಲಿ ನಿಲ್ಲುತ್ತಾನೆ.

ಇನ್ನು ಬ್ರೌಸರಿನ ‘ಅಜ್ಞಾತ’ ಕಿಟಕಿಯ ಮಾತು. ಹೆಸರನ್ನು ಕೇಳಿದವರಿಗೆ ಪಾಂಡವರ ಅಜ್ಞಾತವಾಸವು ನೆನಪಾಗಬಹುದು. ಆದರೆ ಈ ವಾಸದಲ್ಲಿ ಅಷ್ಟು ಭದ್ರತೆಯಿಲ್ಲ. ಆ ಕಿಟಕಿಯನ್ನು ಮುಚ್ಚಿದ ಕೂಡಲೇ ಹುಡುಕಿದ್ದರ ಪಟ್ಟಿಯೂ ಕುಕಿಗಳೂ ಆ ಮೊಬೈಲಿನಿಂದ ಅಳಿಸಿಹೋಗುತ್ತವೆ, ಅಷ್ಟೆ. ತಾಣದವರಿಗೆ, ಸಂಪರ್ಕದ ಕಂಪನಿಗೆ, ಕಚೇರಿಯ ಜಾಲವನ್ನು ನಡೆಸುವವರಿಗೆ ಗೋಚರವಾಗುವುದು ಗೋಚರವಾಗಿಯೇ ಇರುತ್ತದೆ. ಈ ವಿಚಾರವಾಗಿ ಗೂಗಲ್ ಕಂಪನಿಯ ಮೇಲೆ ಅಮೆರಿಕದಲ್ಲಿ 2020ರಲ್ಲಿ ದಾವೆ ಹೂಡಲ್ಪಟ್ಟು, ಅಂಥ ಕಿಟಕಿಗಳ ಮೂಲಕ ಸಂಗ್ರಹವಾದ ಕೋಟ್ಯಂತರ ದಾಖಲೆಗಳನ್ನು ನಾಶಮಾಡುವುದಕ್ಕೆ 2024ರಲ್ಲಿ ಕಂಪನಿಯು ಒಪ್ಪಿಕೊಂಡಿತು. ಹಾಗಾದರೆ ಆ ಕಿಟಕಿಯು ಮರೆಮಾಡುವುದು ಯಾರಿಂದ? ಅದೇ ಮೊಬೈಲನ್ನು ಮುಂದೆ ಕೈಗೆತ್ತಿಕೊಳ್ಳುವ ಅಣ್ಣನಿಂದ, ಗಂಡನಿಂದ, ತಾಯಿಯಿಂದ. ಬಲ್ಲವರಿಂದ ಮರೆ, ಮಾರುವವರಿಗೆ ಬಯಲು!

ಇದನ್ನು ಕೇಳಿ ನಗುವುದು ಸುಲಭ. ಆದರೆ ಮರೆಯ ಅವಶ್ಯಕತೆಯು ತೀವ್ರವಾಗಿರುವುದು ಎಷ್ಟೋ ಸಲ ಮನೆಯೊಳಗೇ. ಎರಡು ಕೋಣೆಯ ಮನೆ, ಐವರಿಗೆ ಒಂದೇ ಮೊಬೈಲು. ಇಂಥ ಕಡೆ ಹದಿನಾರರ ಹುಡುಗಿಯು ತನ್ನ ಮೈಯ ವಿಚಾರವಾಗಿ ಏನನ್ನಾದರೂ ತಿಳಿಯಬೇಕಾದರೆ ಕಂಪನಿಯ ಭಯಕ್ಕಿಂತ ಅಣ್ಣನ ಭಯವೇ ದೊಡ್ಡದು. ಗಂಡನ ಹೊಡೆತವನ್ನು ತಾಳಲಾರದೆ ಕಾನೂನನ್ನು ಹುಡುಕುವ ಹೆಂಗಸಿಗೆ ಮೊಬೈಲಿನಲ್ಲಿ ಉಳಿದ ಒಂದು ಸಾಲೇ ಪ್ರಾಣಾಪಾಯವಾಗಬಹುದು. ಅವರಿಗೆ ಆ ಅರೆಮರೆಯ ಕಿಟಕಿಯೂ ದೊಡ್ಡ ಉಪಕಾರವೇ. ‘ಮಕ್ಕಳು ಏನು ನೋಡುತ್ತಾರೆಂದು ತಂದೆತಾಯಿಗಳು ನೋಡಬಾರದೆ?’ ಎಂದು ಕೇಳಿದರೆ, ನೋಡಲೇಬೇಕು. ಎಂಟು ವರ್ಷದ ಮಗುವನ್ನು ಸಂತೆಯಲ್ಲಿ ಒಂಟಿಯಾಗಿ ಬಿಡುವವರುಂಟೆ? ಆದರೆ ಮಗುವಿನ ಜೊತೆಯಲ್ಲಿ ಕುಳಿತು ನೋಡುವುದು ಬೇರೆ, ಅದು ಮಲಗಿದಮೇಲೆ ಅದರ ಪಟ್ಟಿಯನ್ನು ತೆರೆದು ಓದುವುದು ಬೇರೆ. ಮೊದಲನೆಯದರಿಂದ ಮಗುವು ಕೇಳುವುದನ್ನು ಕಲಿಯುತ್ತದೆ. ಎರಡನೆಯದರಿಂದ ಅಳಿಸುವುದನ್ನು ಕಲಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರ ಹಿಂದೆ ಬಿದ್ದು ಜಾಡುಹಿಡಿಯಕೂಡದೆಂದು ಕಂಪನಿಗಳಿಗೆ ವಿಧಿಸಿದೆ. ಮನೆಯವರಿಗೆ ಅಂಥ ವಿಧಿಯನ್ನು ಯಾವ ಕಾಯಿದೆಯೂ ಮಾಡಲಾರದು.

ಆ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಒಪ್ಪಿಗೆಯನ್ನು ಕೇಳುವ ತಿಳಿವಳಿಕೆಯ ಪತ್ರವು, ಬೇಕೆಂದವರಿಗೆ, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ, ಎಂದರೆ ಕನ್ನಡದಲ್ಲಿಯೂ, ದೊರೆಯತಕ್ಕದ್ದೆಂಬ ವಿಧಿಯು ಕಾಯಿದೆಯಲ್ಲಿದೆ. ಕನ್ನಡದಲ್ಲಿ ಬಂದರೆ ಓದುವವರೆಷ್ಟು ಮಂದಿಯೆಂಬುದು ಬೇರೆ ಮಾತು. ಓದದೆ ‘ಒಪ್ಪಿದೆ’ ಎಂದು ಒತ್ತುವವನು ತನ್ನದನ್ನು ಮಾತ್ರ ಕೊಡುವನೆಂದು ತಿಳಿದಿರುತ್ತಾನೆ. ಆದರೆ ಮೊಬೈಲಿನ ನಂಬರುಗಳ ಪಟ್ಟಿಯನ್ನು ನೋಡಲು ಯಾವುದೋ ಆ್ಯಪಿಗೆ ಅನುಮತಿಯನ್ನು ಕೊಟ್ಟಾಗ, ಸೋದರತ್ತೆಯ ನಂಬರು, ವೈದ್ಯನ ನಂಬರು, ಸಾಲ ಕೊಟ್ಟವನ ನಂಬರು ಎಲ್ಲವೂ ಒಟ್ಟಿಗೆ ಹೋಗುತ್ತವೆ. ಅವರನ್ನು ಯಾರೂ ಕೇಳಲಿಲ್ಲ. ತನ್ನ ಮನೆಯ ಬಾಗಿಲನ್ನು ತೆರೆದಿಡುವುದು ಒಬ್ಬನ ಇಷ್ಟವಾಗಬಹುದು. ವಠಾರದ ಬೀಗದ ಕೈಗಳನ್ನೆಲ್ಲ ಹಂಚುವುದಕ್ಕೆ ಆತನಿಗೆ ಅಧಿಕಾರವೆಲ್ಲಿಂದ ಬಂದಿತು?

ಬಚ್ಚಿಡುವುದಕ್ಕೂ ಬಯಲಾಗಿಸುವುದಕ್ಕೂ ನಡುವೆ ಮತ್ತೊಂದು ಸ್ಥಿತಿಯಿರಬಹುದೆಂಬುದನ್ನು ಬೆಂಗಳೂರಿನ ಹೈಕೋರ್ಟು ಪುಟ್ಟಸ್ವಾಮಿಯವರ ತೀರ್ಪಿಗೆ ಏಳು ತಿಂಗಳ ಮೊದಲೇ, 2017ರ ಜನವರಿಯಲ್ಲಿ, ಒಂದು ಸಣ್ಣ ಆಜ್ಞೆಯಲ್ಲಿ ತೋರಿಸಿತು. ಮದುವೆಯ ವಿಷಯವಾಗಿ ಒಬ್ಬ ಹೆಣ್ಣುಮಗಳು ಹೂಡಿದ್ದ ವ್ಯಾಜ್ಯವು ರಾಜಿಯಲ್ಲಿ ಮುಗಿದಿದ್ದಿತು. ಆದರೆ ಆಕೆಯ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದರೆ ಆ ವ್ಯಾಜ್ಯದ ಆಜ್ಞೆಯು ಕಾಣಿಸಿಕೊಳ್ಳಬಹುದೆಂದೂ, ಅದರಿಂದ ಆಕೆಯ ಸಂಸಾರಕ್ಕೂ ಮರ್ಯಾದೆಗೂ ಕೇಡಾಗುವುದೆಂದೂ ಆಕೆಯ ತಂದೆಯು ಮೊರೆಯಿಟ್ಟನು. ನ್ಯಾಯಾಲಯದ ಬಾಗಿಲು ಎಲ್ಲರಿಗೂ ತೆರೆದಿರಬೇಕು. ದಾಖಲೆಯನ್ನು ತಿದ್ದುವುದು ಸಲ್ಲದು. ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು ದಾಖಲೆಯನ್ನು ಹಾಗೆಯೇ ಇರಗೊಟ್ಟರು. ಸಾರ್ವಜನಿಕರು ಅಂತರ್ಜಾಲದಲ್ಲಿ ಹುಡುಕಿದಾಗ ಮಾತ್ರ ಆಕೆಯ ಹೆಸರು ಆ ಆಜ್ಞೆಯಲ್ಲಿ ತೋರದಂತೆ ಪ್ರಯತ್ನಿಸಬೇಕೆಂದು ತಮ್ಮ ರಿಜಿಸ್ಟ್ರಿಗೆ ಅಪ್ಪಣೆಮಾಡಿದರು. ದೃಢೀಕೃತ ನಕಲು ಬೇಕೆಂದು ಅರ್ಜಿ ಹಾಕಿದವನಿಗೆ ಆಕೆಯ ಹೆಸರಿರುವ ನಕಲೇ ದೊರೆಯುವುದು. ಆದರೆ ಆತನು ತನ್ನ ಹೆಸರನ್ನೂ ಅರ್ಜಿಯಲ್ಲಿ ಬರೆದುಕೊಡಬೇಕು.